ಜಾತ್ರಾಮಹೋತ್ಸವಗಳೂ ಅಭ್ಯಾಗತರ ಚಿಂತೆಯೂ: ಒಂದು ಚಾರಿತ್ರಿಕ ವಿವೇಚನೆ

ಶ್ರೀಮಠದ ಸ್ಮರಣಸಂಪುಟಕ್ಕೆ ಒಂದು ಚರಿತ್ರಲೇಖನವನ್ನು ಬರೆದುಕೊಡಬೇಕೆಂದು ಅಪ್ಪಣೆಯಾದಾಗ ಗುರುಪರಂಪರೆಯನ್ನು ಕುರಿತೋ ಶಾಸನಗಳನ್ನು ಕುರಿತೋ ಬರೆಯುವುದು ಸಹಜವಾಗಿತ್ತು. ಆ ಕಾರ್ಯವನ್ನು ನನಗಿಂತ ಬಲ್ಲವರು ಈ ಸಂಪುಟದಲ್ಲಿಯೇ ನೆರವೇರಿಸಿರುವರು. ನಾನು ಆರಿಸಿಕೊಂಡಿರುವ ವಿಷಯವು ಗ್ರಂಥಗಳಲ್ಲಿ ಹುಡುಕಿದರೆ ಸುಲಭವಾಗಿ ದೊರೆಯತಕ್ಕದ್ದಲ್ಲ. ಜಾತ್ರೆಗೆ ಬರುವವನು ಎಲ್ಲಿ ಇಳಿಯುವನು, ಎಲ್ಲಿ ನೀರು ಕುಡಿಯುವನು, ಎತ್ತುಗಳನ್ನು ಎಲ್ಲಿ ಕಟ್ಟುವನು, ಯಾವ ಹೊತ್ತಿಗೆ ಉಣ್ಣುವನು, ಯಾವ ಬೆಳಕಿನಲ್ಲಿ ಮನೆಗೆ ಮರಳುವನು ಎಂಬ ಈ ಸಣ್ಣ ಪ್ರಶ್ನೆಗಳನ್ನು ನಮ್ಮ ಹಿರಿಯರು ಹೇಗೆ ಬಿಡಿಸಿದರೆಂಬುದನ್ನು ಯಥಾಮತಿ ನಿರೂಪಿಸಲು ಹೊರಟಿರುವೆನು. ತೇರಿನ ಎತ್ತರವನ್ನು ಬರೆದಿಟ್ಟವರುಂಟು. ತೇರು ನೋಡಲು ಬಂದವನ ಪಾದದ ಬೊಕ್ಕೆಯನ್ನು ಬರೆದಿಟ್ಟವರು ವಿರಳ.

ಈ ವಿಷಯವು ನನ್ನ ಮನಸ್ಸನ್ನು ಹೊಕ್ಕುದಕ್ಕೆ ಒಂದು ಕಾರಣವುಂಟು. ಹನ್ನೆರಡು ವರ್ಷಗಳ ಕೆಳಗೆ ನಮ್ಮ ಸೀಮೆಯ ಒಂದೂರಿನಲ್ಲಿ ನಡೆದ ದೊಡ್ಡ ಸಮಾರಂಭವೊಂದಕ್ಕೆ ಉಪನ್ಯಾಸಕನಾಗಿ ಹೋಗಿದ್ದೆನು. ಹತ್ತು ಗಂಟೆಗೆ ಆರಂಭವಾಗಬೇಕಾದ ಸಭೆಯು ಮುಖ್ಯ ಅತಿಥಿಗಳು ತಡವಾಗಿ ಬಂದುದರಿಂದ ಹನ್ನೆರಡೂವರೆಗೆ ಆರಂಭವಾಯಿತು. ಜನರು ಎದ್ದುಹೋಗದಿರಲೆಂದು ಸಭೆ ಮುಗಿಯುವವರೆಗೆ ಪ್ರಸಾದದ ಪಂಕ್ತಿಯನ್ನು ತೆರೆಯಕೂಡದೆಂದು ವ್ಯವಸ್ಥಾಪಕರು ಗೊತ್ತುಮಾಡಿದ್ದರು. ನಾಲ್ಕು ಗಂಟೆಯ ಸುಮಾರಿಗೆ ವೇದಿಕೆಯಿಂದಿಳಿದು ಬಂದ ನನ್ನನ್ನು ಒಬ್ಬ ವೃದ್ಧೆ ತಡೆದು ನಿಲ್ಲಿಸಿದಳು. “ಅಯ್ನೋರೇ, ನಮ್ಮೂರಿನ ಕೊನೇ ಬಸ್ಸು ಹೊರಡೋ ಹೊತ್ತಾಯ್ತು. ಪ್ರಸಾದ ಯಾವಾಗ ಕೊಡ್ತಾರೆ?” ಎಂದು ಕೇಳಿದಳು. ಏನೆಂದು ಹೇಳಲಿ? ನಾನು ಒಳಕೋಣೆಯಲ್ಲಿ ಮಧ್ಯಾಹ್ನಕ್ಕೇ ಹೋಳಿಗೆಯ ಊಟ ಮುಗಿಸಿದ್ದೆನು. “ಇನ್ನು ಸ್ವಲ್ಪ ಹೊತ್ತು ತಾಯಿ” ಎಂದೆನು. ಆಕೆ ನಕ್ಕು, ಚೀಲದಿಂದ ಎರಡು ತೆಂಗಿನಕಾಯಿಗಳನ್ನು ತೆಗೆದು ನನ್ನ ಕೈಗೆ ಕೊಟ್ಟು, “ಗದ್ದುಗೆ ತಾವ ಹೋಗಕ್ಕೆ ಆಗ್ಲಿಲ್ಲ. ನೀವೇ ಒಡಿಸಿಬಿಡಿ” ಎಂದು ಹೇಳಿ ಬಸ್ಸಿನ ನಿಲ್ದಾಣದ ಕಡೆಗೆ ನಡೆದಳು. ಅಂದು ನಾನು ದಾಸೋಹತತ್ತ್ವವನ್ನು ಕುರಿತು ನಲವತ್ತು ನಿಮಿಷ ಮಾತನಾಡಿದ್ದೆನು.

ಅಂದಿನಿಂದ ಪುರಾಣವನ್ನೋದಲಿ, ಶಾಸನವನ್ನೋದಲಿ, ಉಣ್ಣದೆ ಹೋದವರು ಯಾರಾದರೂ ಇದ್ದರೇ ಎಂದು ಹುಡುಕುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ನಮ್ಮ ನಾಡಿನಲ್ಲಿ ಈ ಚಿಂತೆಗೆ ದೊರೆಯುವ ಹಳೆಯ ಸಾಕ್ಷ್ಯಗಳಲ್ಲಿ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೋಡಿಯಮಠದ ೧೧೬೨ರ ಶಾಸನವು ಮುಖ್ಯವಾದುದು. ಅದು ಕಾಳಾಮುಖರ ಮಠ. ಆ ಶಾಸನವು ಮಠದಲ್ಲಿ ನಡೆಯುತ್ತಿದ್ದ ವೇದಶಾಸ್ತ್ರಗಳ ಪಾಠವನ್ನು ವರ್ಣಿಸಿದ ಬಳಿಕ ಅಲ್ಲಿಗೆ ಬರುವವರನ್ನು ಬಿಡಿಬಿಡಿಯಾಗಿ ಎಣಿಸುವುದು: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ನಾನಾ ಮತಗಳ ಭಿಕ್ಷುಗಳು. ಇವರೆಲ್ಲರಿಗೂ ಅಲ್ಲಿ ಅನ್ನವುಂಟು, ರೋಗಿಗಳಿಗೆ ಔಷಧವುಂಟು, ಸಕಲ ಪ್ರಾಣಿಗಳಿಗೂ ಅಭಯವುಂಟು ಎಂದು ಬರೆದಿರುವುದು. ‘ಸರ್ವರಿಗೂ’ ಎಂಬ ಒಂದೇ ಪದದಲ್ಲಿ ಮುಗಿಸಬಹುದಾಗಿದ್ದುದನ್ನು ಆ ಶಾಸನಕರ್ತನು ಹೀಗೆ ಬಿಡಿಸಿ ಬರೆದುದೇಕೆ? ಕುರುಡನಿಗೆ ಬೇಕಾದುದು ಒಂದು, ಕುಂಟನಿಗೆ ಬೇಕಾದುದು ಮತ್ತೊಂದು, ಹಾಡುವವನಿಗೆ ಬೇಕಾದುದು ಇನ್ನೊಂದು ಎಂಬುದನ್ನು ಅವನು ಬಲ್ಲವನಾಗಿದ್ದನೆಂದು ನನ್ನ ಊಹೆ. ಇಂದಿನ ಆಹ್ವಾನಪತ್ರಿಕೆಯ ಕೊನೆಯ ಸಾಲಿನಲ್ಲಿ ‘ಸರ್ವರಿಗೂ ಸ್ವಾಗತ’ ಎಂದು ಅಚ್ಚುಹಾಕಿಸುವ ನಾವು ಯಾರನ್ನೂ ಮನಸ್ಸಿನಲ್ಲಿ ತಂದುಕೊಂಡಿರುವುದಿಲ್ಲ.

ಅದೇ ಶತಮಾನದಲ್ಲಿ ಕಲ್ಯಾಣದ ಬಸವಣ್ಣನವರ ಮಹಾಮನೆಯು ಈ ಧರ್ಮವನ್ನು ಬೇರೊಂದು ಎತ್ತರಕ್ಕೆ ಒಯ್ದುದು ಭಕ್ತರೆಲ್ಲರಿಗೂ ವಿದಿತವಾಗಿರುವ ವಿಷಯ. ಅಲ್ಲಿ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ನಿತ್ಯ ದಾಸೋಹವಿತ್ತೆಂಬುದು ನಮ್ಮ ಪರಂಪರೆಯ ಮಾತು. ಹರಿಹರನ ರಗಳೆಯೂ, ಭೀಮಕವಿಯು ೧೩೬೯ರಲ್ಲಿ ರಚಿಸಿದ ಬಸವಪುರಾಣವೂ ಆ ಮನೆಯ ವೈಭವವನ್ನು ಕೊಂಡಾಡುತ್ತವೆ. ಸಂಖ್ಯೆಯ ವಿಚಾರವು ಹಾಗಿರಲಿ. ನನಗೆ ಮುಖ್ಯವಾಗಿ ತೋರುವುದು ಅಲ್ಲಿ ಆದ ಸಂಬಂಧದ ಬದಲಾವಣೆ. ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬುದು ದಾನ. ಬಂದವನೇ ಒಡೆಯನು, ಬಡಿಸುವವನೇ ದಾಸನು ಎಂಬುದು ದಾಸೋಹ. ಬಂದವನು ಒಡೆಯನೆಂದಾದ ಮೇಲೆ ಅವನ ಹಸಿವಿನ ಹೊತ್ತಿಗೆ ಅಡಿಗೆಯು ಹೊಂದಿಕೊಳ್ಳಬೇಕೇ ಹೊರತು ಅಡಿಗೆಯ ಹೊತ್ತಿಗೆ ಅವನ ಹಸಿವು ಹೊಂದಿಕೊಳ್ಳಬೇಕಾಗಿಲ್ಲ.

ನಮ್ಮ ತುಮಕೂರು ಸೀಮೆಯ ಐತಿಹ್ಯಗಳೂ ಇದೇ ಭಾವವನ್ನು ಹೇಳುತ್ತವೆ. ಸಿದ್ಧಗಂಗೆಯೆಂಬ ಹೆಸರು ಬಂದುದೇ ಒಬ್ಬರ ಬಾಯಾರಿಕೆಯಿಂದ. ಬೆಟ್ಟದ ಮೇಲೆ ತಪೋನಿರತರಾಗಿದ್ದ ವಿರಕ್ತರಲ್ಲಿ ಒಬ್ಬ ವೃದ್ಧರಿಗೆ ನಡುರಾತ್ರಿ ನೀರಡಿಕೆಯಾಗಲು, ಗೋಸಲ ಸಿದ್ಧೇಶ್ವರರ ತಪಃಶಕ್ತಿಯಿಂದ ಬಂಡೆಯಲ್ಲಿ ಗಂಗೆ ಚಿಮ್ಮಿತೆಂದು ಹೇಳುವರು. ಆ ಪರಂಪರೆಯಲ್ಲಿ ಬಂದ ತೋಂಟದ ಸಿದ್ಧಲಿಂಗಯತಿಗಳು ಕಗ್ಗೆರೆಯ ತೋಟವೊಂದರಲ್ಲಿ ತಪಸ್ಸು ಮಾಡಿ ಆ ತೋಟದ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡವರು. ಏಳುನೂರೊಂದು ಮಂದಿ ಚರಮೂರ್ತಿಗಳೊಡನೆ ಅವರು ನಾಡನ್ನು ಸಂಚರಿಸಿ ಎಡೆಯೂರಿನಲ್ಲಿ ನಿರ್ವಿಕಲ್ಪಸಮಾಧಿಯನ್ನು ಹೊಂದಿದರೆಂಬುದು ಪ್ರಸಿದ್ಧವಾಗಿಯೇ ಇರುವುದು. ಇಷ್ಟು ಜನ ಒಂದೂರಿಗೆ ದಯಮಾಡಿಸಿದಾಗ ಆ ಊರಿನ ಬಾವಿಯ ನೀರು, ಕಣದ ರಾಗಿ, ಹಟ್ಟಿಯ ಹಾಲು ಎಷ್ಟಿದ್ದಿರಬೇಕು! ಪುರಾಣಕಾರರು ಇದನ್ನು ಪವಾಡಗಳಿಂದ ತುಂಬಿಸಿಬಿಡುತ್ತಾರೆ. ನನಗಾದರೋ ಆ ಪವಾಡಗಳ ಹಿಂದೆ ಬೆಳಗಿನ ಜಾವ ಎದ್ದು ರಾಗಿ ಬೀಸಿದ ತಾಯಂದಿರ ಕೈಗಳು ಕಾಣುತ್ತವೆ.

ಇನ್ನು ಜಾತ್ರೆಯ ಕಾಲವನ್ನು ನೋಡೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಮಾರ್ಗಶಿರ ಪುಷ್ಯಗಳಲ್ಲಿ ರಾಗಿಯ ಕೊಯ್ಲೂ ಒಕ್ಕಣೆಯೂ ಮುಗಿಯುತ್ತವೆ. ಸಂಕ್ರಾಂತಿ ಕಳೆದ ಮೇಲೆ ಮುಂಗಾರಿನ ಉಳುಮೆಯವರೆಗೆ ಒಕ್ಕಲಿಗನಿಗೂ ಅವನ ಎತ್ತಿಗೂ ಬಿಡುವು. ದೊಡ್ಡ ಜಾತ್ರೆಗಳೆಲ್ಲ ಈ ಬಿಡುವಿನಲ್ಲಿಯೇ ಬರುತ್ತವೆ. ಸಿದ್ಧಗಂಗೆಯ ಜಾತ್ರೆ ಶಿವರಾತ್ರಿಯ ಸುಮಾರಿನಲ್ಲಿ, ಎಡೆಯೂರಿನ ರಥೋತ್ಸವ ಯುಗಾದಿಯ ತರುವಾಯ ಚೈತ್ರದಲ್ಲಿ. ತಿಥಿಗೆ ಶಾಸ್ತ್ರಾಧಾರವಿರುವುದು ನಿಜ. ಆದರೆ ಶಾಸ್ತ್ರವು ಕಣವನ್ನು ಮರೆತು ತಿಥಿಯನ್ನು ಗೊತ್ತುಮಾಡಲಿಲ್ಲ. ಕಣದಲ್ಲಿ ರಾಶಿಯಿರುವಾಗಲೇ ಜಂಗಮನ ಜೋಳಿಗೆಗೆ ಭಿಕ್ಷೆ ಬೀಳುವುದು. ಅದೇ ರಾಗಿಯು ಎರಡು ತಿಂಗಳ ತರುವಾಯ ಜಾತ್ರೆಯ ಮುದ್ದೆಯಾಗಿ ಕೊಟ್ಟವನ ಎಲೆಗೇ ಬರುವುದು. ತೆಂಗಿನ ಸೀಮೆಯಾದುದರಿಂದ ನಮ್ಮಲ್ಲಿ ಇನ್ನೊಂದು ಲೆಕ್ಕವೂ ಉಂಟು. ಕಾಯಿಯನ್ನು ಕೆಡವಿ ಅಟ್ಟಕ್ಕೇರಿಸಿದರೆ ಅದು ಉಂಡೆಕೊಬ್ಬರಿಯಾಗಲು ಹತ್ತು ಹನ್ನೆರಡು ತಿಂಗಳು ಬೇಕು. ಅಟ್ಟ ಇಳಿಸಿ ತಿಪಟೂರಿನ ಹರಾಜಿಗೆ ಹಾಕಿದಾಗಲೇ ಮನೆಯಲ್ಲಿ ನಗದು ಕಾಣುವುದು. ನಗದಿಲ್ಲದ ವರ್ಷ ಜಾತ್ರೆಗೆ ಬಂದವನು ಬರಿಗೈಯಲ್ಲಿ ಬಂದೆನೆಂದು ನಾಚಬಾರದಾಗಿ, ಕಾಣಿಕೆಯು ಕಾಯಿಯ ರೂಪದಲ್ಲಾದರೂ ಸಲ್ಲುವುದೆಂಬ ರೂಢಿಯು ನಮ್ಮ ಕಡೆ ಬೇರೂರಿತು. ಚೀಲಗಟ್ಟಲೆ ಕೊಡುವವನ ಕಾಯಿಯೂ ಒಂದೇ ಒಂದು ಕೊಡುವವಳ ಕಾಯಿಯೂ ಅಡಿಗೆಮನೆಯ ಒರಳಿನಲ್ಲಿ ಬೆರೆತುಹೋಗುತ್ತವೆ.

ಬೆಳಕಿನ ವಿಚಾರವೂ ಗಮನಾರ್ಹವಾದುದು. ಹುಣ್ಣಿಮೆಯಂದು ನಡೆಯುವ ತೇರುಗಳು ನಾಡಿನಲ್ಲೆಲ್ಲ ಹೇರಳವಾಗಿರುವುದಕ್ಕೆ ಭಕ್ತಿಯ ಕಾರಣದೊಡನೆ ಬೆಳುದಿಂಗಳಿನ ಕಾರಣವೂ ಇರಬೇಕೆಂದು ನನ್ನ ಅಭಿಪ್ರಾಯ. ಸಂಜೆ ತೇರೆಳೆದು, ಪ್ರಸಾದ ಸ್ವೀಕರಿಸಿ, ಗಾಡಿ ಕಟ್ಟಿದರೆ ರಾತ್ರಿಯೆಲ್ಲ ತಿಂಗಳ ಬೆಳಕಿನಲ್ಲಿ ಎತ್ತುಗಳು ತಾವೇ ದಾರಿ ಹಿಡಿದು ಊರು ಸೇರುವುವು. ಶಿವರಾತ್ರಿಯಾದರೋ ಬಹುಳ ಚತುರ್ದಶಿ, ಕಗ್ಗತ್ತಲು. ಆ ದಿನ ಬಂದವನನ್ನು ಹಿಂದಕ್ಕೆ ಕಳುಹುವಂತಿಲ್ಲ. ಅದಕ್ಕೆ ಜಾಗರಣೆಯುಂಟು, ಭಜನೆಯುಂಟು, ಬಯಲಾಟವುಂಟು. ಕತ್ತಲಲ್ಲಿ ಹೊರಡಬೇಡ, ಬೆಳಗಾಗುವವರೆಗೆ ನಮ್ಮೊಡನಿರು ಎಂದು ಉತ್ಸವವೇ ಅವನನ್ನು ಕೈಹಿಡಿದು ಕೂರಿಸುವುದು. ಗುಬ್ಬಿಯ ಶ್ರೀ ಚನ್ನಬಸವೇಶ್ವರ ಸ್ವಾಮಿಯ ಹೆಸರನ್ನು ಹೊತ್ತ ನಾಟಕ ಸಂಘವು ೧೮೮೪ರಲ್ಲಿ ಹುಟ್ಟಿ ಮುಂದೆ ವೀರಣ್ಣನವರ ಕಾಲದಲ್ಲಿ ದಕ್ಷಿಣ ದೇಶವನ್ನೆಲ್ಲ ಬೆರಗುಗೊಳಿಸಿತಷ್ಟೆ. ರಾತ್ರಿಯೆಲ್ಲ ಎಚ್ಚರವಿದ್ದು ಆಟ ನೋಡುವ ಜನವು ಈ ಸೀಮೆಯಲ್ಲಿ ಮೊದಲೇ ಸಿದ್ಧವಾಗಿದ್ದುದು ಆ ಸಂಘದ ಭಾಗ್ಯ.

ಗಾಡಿಯ ಕಾಲದಲ್ಲಿ ಅಭ್ಯಾಗತನೆಂದರೆ ಮನುಷ್ಯನೊಬ್ಬನೇ ಅಲ್ಲ. ತಿಪಟೂರಿನಿಂದ ತುಮಕೂರಿಗೆ ಸುಮಾರು ಎಪ್ಪತ್ತೈದು ಕಿಲೋಮೀಟರು. ಎತ್ತಿನ ಗಾಡಿಗೆ ಅದು ಮೂರು ದಿನದ ಹಾದಿ. ಹೀಗೆ ಬಂದ ಗಾಡಿಗೆ ಮೊದಲು ಬೇಕಾದುದು ದೇವರ ದರ್ಶನವಲ್ಲ, ಎತ್ತಿಗೆ ನೀರು ಮತ್ತು ನೆರಳು. ಅದರಿಂದಲೇ ಹಳೆಯ ಜಾತ್ರೆಯ ಮೈದಾನಗಳು ಕೆರೆಯ ಹಿಂಭಾಗದಲ್ಲಿಯೋ ಗುಂಡುತೋಪಿನ ಮಗ್ಗುಲಲ್ಲಿಯೋ ಇರುವುವು. ಎಡೆಬಿಡದೆ ನೆರಳು ಕೊಡುವ ಮಾವು, ಹುಣಿಸೆ, ಹೊಂಗೆಗಳ ತೋಪನ್ನು ನೆಟ್ಟವರು ತಮ್ಮ ಜೀವಮಾನದಲ್ಲಿ ಅದರ ನೆರಳನ್ನು ಪೂರ್ತಿ ಉಣ್ಣಲಿಲ್ಲ. ಸಿದ್ಧಗಂಗೆಯಲ್ಲಿ ದನಗಳ ಪರಿಷೆಯು ರಥೋತ್ಸವಕ್ಕಿಂತ ಮೊದಲೇ ಕಟ್ಟುವುದು. ಹಳ್ಳಿಕಾರ್ ತಳಿಯ ಜೋಡಿಗಳನ್ನು ಸಿಂಗರಿಸಿ, ಕೊಂಬಿಗೆ ಕುಚ್ಚು ಕಟ್ಟಿ, ಚಪ್ಪರದೊಳಗೆ ನಿಲ್ಲಿಸಿ, ಅದರ ಪಕ್ಕದಲ್ಲಿಯೇ ಒಕ್ಕಲಿಗನು ಒಲೆ ಹೂಡುವನು. ಅವನಿಗೆ ಜಾತ್ರೆಯೆಂದರೆ ಅಂಗಡಿ, ಛತ್ರ, ಶಾಲೆ, ಗುಡಿ ಎಲ್ಲವೂ ಹೌದು. ಮಗಳಿಗೆ ಗಂಡು ನೋಡುವ ಸ್ಥಳವೂ ಹೌದು.

ಚಪ್ಪರದ ಮಾತು ಬಂದಿತಾಗಿ ಅದನ್ನು ಕೊಂಚ ವಿವರಿಸದೆ ಮುಂದೆ ಹೋಗಲಾರೆನು. ನಮ್ಮ ಸೀಮೆಯ ಉತ್ಸವಗಳನ್ನು ಕಟ್ಟಿದುದು ಕಲ್ಪವೃಕ್ಷ. ಅಡಕೆಯ ಮರವನ್ನೋ ಬಿದಿರನ್ನೋ ಕಂಬವಾಗಿ ನೆಟ್ಟು, ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದು, ಹಸಿಯ ಗರಿಗಳನ್ನು ಹೆಣೆದು ಹೊದಿಸಿದ ಚಪ್ಪರದೊಳಗೆ ಮಾಘದ ಮಧ್ಯಾಹ್ನವೂ ತಂಪಾಗಿರುವುದು. ಗಾಳಿ ನಡುವೆ ನುಸುಳುವುದು, ಬಿಸಿಲು ನುಸುಳದು. ಇಂದು ತಗಡಿನ ಷೀಟು ಹೊದಿಸಿದ ಪೆಂಡಾಲಿನ ಕೆಳಗೆ ಕುಳಿತವರು ಬೀಸಣಿಗೆಗೆ ಆಹ್ವಾನಪತ್ರಿಕೆಯನ್ನು ಬಳಸುವುದನ್ನು ಕಂಡಾಗಲೆಲ್ಲ ಆ ಗರಿಯ ಚಪ್ಪರವು ನೆನಪಾಗುವುದು. (ಬೆಂಕಿಯ ಭಯವು ಗರಿಗೆ ಹೆಚ್ಚೆಂಬುದನ್ನು ಒಪ್ಪಿಕೊಳ್ಳಲೇಬೇಕು. ಅದಕ್ಕೆಂದೇ ಹಿರಿಯರು ಅಡಿಗೆಯ ಒಲೆಗಳನ್ನು ಗಾಳಿಯ ಕೆಳದಿಕ್ಕಿಗೆ, ಪಂಕ್ತಿಯ ಚಪ್ಪರದಿಂದ ದೂರಕ್ಕೆ ತೋಡಿಸುತ್ತಿದ್ದರು; ಚಪ್ಪರದ ನಾಲ್ಕು ಮೂಲೆಗಳಲ್ಲಿ ನೀರು ತುಂಬಿದ ಹಂಡೆಗಳನ್ನು ಇಡಿಸುತ್ತಿದ್ದರು.) ತೆಂಗಿನ ಮಟ್ಟೆಯೂ ಚಿಪ್ಪೂ ಒಲೆಗೆ ಉರುವಲು. ಚಿಪ್ಪಿನ ಉರಿಯು ಬೇಗ ಏರುವುದು, ಮಟ್ಟೆಯ ಕೆಂಡವು ನಿಧಾನವಾಗಿ ಕಾಯುವುದು. ಸಾರು ಕುದಿಸುವುದಕ್ಕೆ ಒಂದು, ಅದು ಆರದಂತೆ ಕಾಪಾಡುವುದಕ್ಕೆ ಮತ್ತೊಂದು.

ನಾನು ಪಾಠಶಾಲೆಯ ವಿದ್ಯಾರ್ಥಿಯಾಗಿದ್ದಾಗ ಪಂಕ್ತಿಯಲ್ಲಿ ನೀರು ಬಡಿಸುವುದು ನನ್ನ ಪಾಲಿನ ಸೇವೆ. ಅಡಿಗೆಯ ಹಿರಿಯರೊಬ್ಬರಿದ್ದರು; ಅಕ್ಷರವನ್ನು ಕಲಿತವರಲ್ಲ, ಆದರೆ ಜನಸಮುದ್ರವನ್ನು ಓದಬಲ್ಲವರು. ನೂರು ಎಲೆಗೆ ಹತ್ತು ಹನ್ನೆರಡು ಸೇರು ಅಕ್ಕಿಯೆಂಬುದು ಅವರ ಸಾಮಾನ್ಯ ಲೆಕ್ಕ. ಆದರೆ ಆ ಲೆಕ್ಕವನ್ನು ಬೆಳಿಗ್ಗೆ ಊರ ಬಾಗಿಲಿಗೆ ಹೋಗಿ ನೋಡಿ ಬಂದ ಮೇಲೆ ತಿದ್ದುವರು. ನಡೆದು ಬಂದವರು ಹೆಚ್ಚಾಗಿದ್ದರೆ ಅಕ್ಕಿ ಹೆಚ್ಚು, ಗಾಡಿಯವರು ಹೆಚ್ಚಾಗಿದ್ದರೆ ಕಡಮೆ. ಮಕ್ಕಳು ಹೆಚ್ಚಿದ್ದರೆ ಸಾರಿನ ಖಾರವನ್ನು ಇಳಿಸಿ ಪಾಯಸವನ್ನು ಏರಿಸುವರು. ಮುದ್ದೆ ನುಂಗಲಾರದ ವೃದ್ಧರಿಗಾಗಿ ಒಂದು ಕೊಪ್ಪರಿಗೆಯಲ್ಲಿ ಮೆತ್ತನೆಯ ಅನ್ನವನ್ನು ಬೇರೆಯಾಗಿ ಮಾಡಿಸುವರು. ಈಚಲು ಚಾಪೆಯ ಮೇಲೆ ಅನ್ನದ ರಾಶಿಯನ್ನು ಸುರಿದು ಬಿಳಿಯ ಬಟ್ಟೆಯನ್ನು ಹೊದಿಸಿದ ಬಳಿಕ ಮೊದಲನೆಯ ತುತ್ತನ್ನು ತಾವೇ ಉಂಡು, ಸ್ವಲ್ಪ ಹೊತ್ತು ಕುಳಿತಿದ್ದು, ಅನಂತರವೇ ಪಂಕ್ತಿಗೆ ಅಪ್ಪಣೆ ಕೊಡುವರು. ಅದನ್ನು ನಾನು ಆಗ ಹಸಿವೆಂದು ತಿಳಿದಿದ್ದೆನು. ೨೦೧೮ನೆಯ ಡಿಸೆಂಬರ್ ೧೪ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆಸಿದ ಪ್ರಸಾದವನ್ನು ಉಂಡು ಹದಿನೇಳು ಮಂದಿ ಮಡಿದರೆಂಬ ಘೋರ ವಾರ್ತೆಯನ್ನು ಕೇಳಿದ ದಿನ ಆ ಹಿರಿಯರ ಮೊದಲನೆಯ ತುತ್ತಿನ ಅರ್ಥವು ನನಗೆ ಹೊಳೆಯಿತು.

ನೀರು ಬಡಿಸುವವನಿಗೆ ಅವರು ವಿಧಿಸಿದ್ದ ನಿಯಮವನ್ನು ಇಲ್ಲಿ ಬರೆಯುವುದು ಅಪ್ರಸ್ತುತವಾಗಲಾರದು. ಬಂದವನು ಕುಳಿತೊಡನೆ ಎಲೆಗಿಂತ ಮೊದಲು ನೀರು. ಅನ್ನವನ್ನು ಕೇಳಲು ಜನ ನಾಚರು, ನೀರನ್ನು ಕೇಳಲು ನಾಚುವರು. ಆದುದರಿಂದ ಕೇಳಿಸಿಕೊಳ್ಳಬೇಡ, ಲೋಟವನ್ನು ನೋಡು. ಪಂಕ್ತಿಯ ಕೊನೆಯಿಂದ ಆರಂಭಿಸು. ಅಲ್ಲಿ ಕುಳಿತವನು ತನ್ನ ಸರದಿ ಬರುವುದೇ ಇಲ್ಲವೆಂದು ತಿಳಿದಿರುತ್ತಾನೆ. ಈ ಮೂರು ಮಾತುಗಳಿಗೆ ಸಮನಾದ ಅತಿಥಿಧರ್ಮವನ್ನು ನಾನು ಮುಂದೆ ಓದಿದ ಸಂಸ್ಕೃತಗ್ರಂಥಗಳಲ್ಲಿ ಕಂಡಿಲ್ಲವೆಂದರೆ ಅತಿಶಯೋಕ್ತಿಯಲ್ಲ.

೧೮೮೦ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆಗಳ ಮಾರ್ಗವಾಗಿ ರೈಲು ಬಂದಿತು. ಕ್ಯಾತಸಂದ್ರದಲ್ಲಿ ಇಳಿದರೆ ಸಿದ್ಧಗಂಗೆ ಹತ್ತಿರ. ಮೂರು ದಿನದ ಹಾದಿ ಕೆಲವು ಗಂಟೆಗಳದಾಯಿತು. ಇದರಿಂದ ಉಪಕಾರವೂ ಆಯಿತು, ಹೊಸ ತೊಡಕೂ ಆಯಿತು. ಗಾಡಿಯ ಕಾಲದಲ್ಲಿ ಜನ ಮೂರು ದಿನದುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಬಂದು ಸೇರುತ್ತಿದ್ದರು. ರೈಲಿನಲ್ಲಿಯಾದರೋ ನೂರಾರು ಮಂದಿ ಒಂದೇ ಗಳಿಗೆಯಲ್ಲಿ ಇಳಿಯುವರು, ಒಂದೇ ಗಳಿಗೆಯಲ್ಲಿ ಹೊರಡುವರು. ರೋಗವೂ ಅದೇ ಗಾಡಿಯಲ್ಲಿ ಪ್ರಯಾಣ ಮಾಡಿತು. ವಾಂತಿಭೇದಿಯು ಜಾತ್ರೆಯಿಂದ ಊರಿಗೆ, ಊರಿನಿಂದ ಊರಿಗೆ ಹಬ್ಬುತ್ತಿದ್ದುದು ಹಿರಿಯರ ಬಾಯಲ್ಲಿ ಕೇಳಿದ ವಿಷಯ. ೧೮೯೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟಿತು. ಬಾವಿಗೆ ಕೆಂಪು ಔಷಧವನ್ನು ಹಾಕುವುದು, ಕುಡಿಯುವ ನೀರಿನ ಬಾವಿಯಲ್ಲಿ ಮೀಯದಂತೆ ಕಾವಲಿಡುವುದು, ಜಾತ್ರೆಗೆ ಬರುವವರಿಗೆ ಸೂಜಿ ಹಾಕಿಸುವುದು ಇವೆಲ್ಲ ಹೀಗೆ ನಮ್ಮ ಉತ್ಸವಧರ್ಮದೊಳಗೆ ಸೇರಿದುವು. ಸೂಜಿಗೆ ಹೆದರಿ ಹಿತ್ತಲ ದಾರಿಯಿಂದ ಜಾತ್ರೆಗೆ ನುಗ್ಗುತ್ತಿದ್ದವರ ಕಥೆಗಳನ್ನು ನಮ್ಮ ತಾತಂದಿರು ನಗುತ್ತ ಹೇಳುತ್ತಿದ್ದರು. ೨೦೨೦–೨೧ರಲ್ಲಿ ಕೋವಿಡ್ ಬಂದಾಗ ತೇರುಗಳು ನಿಂತುವು. ಆ ನಗುವಿನ ಹಿಂದಿದ್ದ ಭಯವೇನೆಂಬುದು ಆಗ ನಮಗೆ ತಿಳಿಯಿತು.

ಇಷ್ಟರವರೆಗೆ ಹೇಳಿದುದು ಜಾತ್ರೆಯ ಕಥೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನಮ್ಮ ಸಮಾಜದೊಳಕ್ಕೆ ಇನ್ನೊಂದು ವಸ್ತು ಬಂದಿತು. ಅದರ ಹೆಸರು ಸಭೆ. ಹಾನಗಲ್ಲ ಕುಮಾರ ಮಹಾಸ್ವಾಮಿಗಳ ಪ್ರೇರಣೆಯಿಂದ ೧೯೦೪ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯು ಶಿರಸಂಗಿಯ ಲಿಂಗರಾಜ ದೇಸಾಯಿಯವರ ಅಧ್ಯಕ್ಷತೆಯಲ್ಲಿ ಕೂಡಿತು. ವಿದ್ಯೆ, ಸಂಘಟನೆ, ಸುಧಾರಣೆಗಳಿಗೆ ಅದರಿಂದಾದ ಪ್ರಯೋಜನವು ಅಪಾರ. ಅದನ್ನು ಅಲ್ಲಗಳೆಯುವ ಕೃತಘ್ನತೆ ನನಗಿಲ್ಲ. ಆದರೆ ಸಭೆಯ ಕಟ್ಟೋಣವು ಜಾತ್ರೆಯ ಕಟ್ಟೋಣಕ್ಕಿಂತ ಬೇರೆ. ಜಾತ್ರೆಯಲ್ಲಿ ಬಂದವನು ಕರ್ತೃ: ತೇರಿನ ಮಿಣಿ ಹಿಡಿಯುವವನು, ಬಾಳೆಯಹಣ್ಣು ಎಸೆಯುವವನು, ಎತ್ತು ಮಾರುವವನು, ಸೌದೆ ಹೊರುವವನು. ಒಂದೂರಿನವರು ಎಲೆ ತಂದರೆ ಇನ್ನೊಂದೂರಿನವರು ಹಗ್ಗ ತರುವರು. ಸಭೆಯಲ್ಲಿ ಬಂದವನು ಶ್ರೋತೃ: ಕೆಳಗೆ ಕೂತು ಮೇಲೆ ನೋಡುವವನು. ಜಾತ್ರೆಗೆ ನಡುವೆಂಬುದೊಂದಿಲ್ಲ, ಎಲ್ಲಿ ನಿಂತರೂ ಜಾತ್ರೆಯೇ. ಸಭೆಗೆ ಮುಂಭಾಗವೂ ಹಿಂಭಾಗವೂ ಉಂಟು. ಹಿಂಭಾಗದಲ್ಲಿ ಕುಳಿತವನಿಗೆ ತಾನು ಹಿಂದುಳಿದವನೆಂದು ತಿಳಿಯುವುದು. ಕ್ರಮೇಣ ನಮ್ಮ ಮಹೋತ್ಸವಗಳಲ್ಲಿ ವೇದಿಕೆಯು ಬೆಳೆಯುತ್ತ ಹೋಯಿತು, ಅಡಿಗೆಮನೆಯು ಹಿತ್ತಲಿಗೆ ಸರಿಯಿತು.

ಸಭೆಯನ್ನೂ ಬಂದವರ ಕಣ್ಣಿನಿಂದ ನೋಡಿ ಕಟ್ಟಬಹುದೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಒಂದು ಉತ್ತಮ ನಿದರ್ಶನವುಂಟು. ೧೯೨೪ನೆಯ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಮಹಾತ್ಮ ಗಾಂಧಿಯವರು ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನವು ನಡೆಯಿತು. ಅವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ತಿಳಕವಾಡಿಯ ಬಯಲಿನಲ್ಲಿ ವಿಜಯನಗರವೆಂಬ ಬಿಡಾರದೂರನ್ನೇ ಕಟ್ಟಿದರು. ಬರುವ ಪ್ರತಿನಿಧಿಗಳಿಗೆ ನೀರು ಸಾಲದೆಂದು ನಾಲ್ಕು ಸಾವಿರ ರೂಪಾಯಿಗಳಿಗೆ ಮೀರಿದ ವೆಚ್ಚದಲ್ಲಿ ದೊಡ್ಡ ಬಾವಿಯೊಂದನ್ನು ತೋಡಿಸಿ ಅದಕ್ಕೆ ಪಂಪಾಸರೋವರವೆಂದು ಹೆಸರಿಟ್ಟರು. ತಮಗಾಗಿ ಖಾದಿಯನ್ನು ಹೊದಿಸಿ ಕಟ್ಟಿದ್ದ ಕುಟೀರವು ಅರಮನೆಯಂತಿದೆಯೆಂದು ಗಾಂಧಿಯವರು ಆಕ್ಷೇಪಿಸಿದರು. ಬಾವಿಯನ್ನು ಯಾರೂ ಆಕ್ಷೇಪಿಸಲಿಲ್ಲ. ಅಂದು ಮಾಡಿದ ಭಾಷಣಗಳನ್ನು ಇಂದು ಹುಡುಕಿ ಓದಬೇಕು. ಬಾವಿಯು ಮಾತ್ರ ಈಗಲೂ ಅಲ್ಲಿರುವುದು.

ಸ್ವಾತಂತ್ರ್ಯಾನಂತರ ನಮ್ಮ ಮಠಗಳು ಜಾತ್ರೆಯನ್ನೂ ಸಭೆಯನ್ನೂ ಬೆಸೆಯಲು ನಾನಾ ವಿಧವಾಗಿ ಯತ್ನಿಸಿರುವುವು. ಸಿರಿಗೆರೆಯ ತರಳಬಾಳು ಬೃಹನ್ಮಠವು ೧೯೫೦ರಲ್ಲಿ ಜಗಳೂರಿನಲ್ಲಿ ತರಳಬಾಳು ಹುಣ್ಣಿಮೆಯ ಮಹೋತ್ಸವವನ್ನು ಆರಂಭಿಸಿ, ಅದನ್ನು ವರ್ಷಕ್ಕೊಂದೂರಿಗೆ ಕೊಂಡೊಯ್ಯುವ ಪದ್ಧತಿಯನ್ನು ಹಾಕಿಕೊಟ್ಟಿತು. ಭಕ್ತನು ಮಠಕ್ಕೆ ಬರಬೇಕೆಂಬುದನ್ನು ತಿರುವಿ ಮಠವೇ ಭಕ್ತನಿದ್ದಲ್ಲಿಗೆ ಹೋಗುವುದು. ಚರಜಂಗಮದ ಹಳೆಯ ಧರ್ಮಕ್ಕೆ ಇದು ಹೊಸ ರೂಪ. ಸುತ್ತೂರಿನ ಜಾತ್ರೆಯಲ್ಲಿ ಸಾಮೂಹಿಕ ವಿವಾಹ, ಕೃಷಿಮೇಳ, ದನಗಳ ಪರಿಷೆ, ಕುಸ್ತಿಗಳು ಸೇರಿಕೊಂಡು, ಬಂದವನು ಏನನ್ನಾದರೂ ಮಾಡುವವನಾಗಿಯೇ ಉಳಿದಿರುವನು. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಜೋಳದ ರೊಟ್ಟಿಗಳು ಗಾಡಿಗಟ್ಟಲೆ ಬರುವುದನ್ನು ಕಂಡವರು ಅಲ್ಲಿ ಉಣ್ಣುವವರು ಯಾರು, ಉಣಿಸುವವರು ಯಾರು ಎಂದು ಬೇರ್ಪಡಿಸಿ ಹೇಳಲಾರರು.

ಆದರೆ ಈ ವಿಷಯದಲ್ಲಿ ನನ್ನ ಮನಸ್ಸಿನಿಂದ ಎಂದಿಗೂ ಮಾಸದಿರುವ ದಿನವು ೨೦೧೯ನೆಯ ಜನವರಿ ೨೧. ಸಿದ್ಧಗಂಗೆಯ ಡಾಕ್ಟರ್ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಅಂದು ಮಧ್ಯಾಹ್ನಕ್ಕೆ ಮುಂಚೆ ಲಿಂಗೈಕ್ಯರಾದರು. ೧೯೩೦ರಲ್ಲಿ ನಿರಂಜನದೀಕ್ಷೆಯನ್ನು ಪಡೆದು, ೧೯೪೧ರಲ್ಲಿ ಶ್ರೀ ಉದ್ದಾನ ಶಿವಯೋಗಿಗಳ ತರುವಾಯ ಪೀಠದ ಹೊಣೆಯನ್ನು ಹೊತ್ತು, ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತ ಮಹಾನುಭಾವರ ಅಂತ್ಯವಾರ್ತೆಯನ್ನು ಕೂಡಲೆ ಸಾರಲಿಲ್ಲ. ಮಠದ ಮಕ್ಕಳು ಮಧ್ಯಾಹ್ನದ ಪ್ರಸಾದವನ್ನು ಸ್ವೀಕರಿಸಿದ ಬಳಿಕವೇ ತಿಳಿಸತಕ್ಕದ್ದೆಂದು ಶ್ರೀಗಳ ಇಚ್ಛೆಯಾಗಿತ್ತಂತೆ, ಹಾಗೆಯೇ ನಡೆಯಿತು. ವಾರ್ತೆ ತಿಳಿದರೆ ಮಕ್ಕಳು ಎಲೆಯ ಮುಂದಿನಿಂದ ಎದ್ದುಬಿಡುವರಷ್ಟೆ. ತನ್ನ ಮರಣದ ಸಮಯಪಟ್ಟಿಯನ್ನೂ ಬೇರೆಯವರ ಹಸಿವಿನ ಪ್ರಕಾರ ಗೊತ್ತುಮಾಡಿದ ಇನ್ನೊಬ್ಬ ವ್ಯವಸ್ಥಾಪಕರನ್ನು ನಾನು ಚರಿತ್ರೆಯಲ್ಲಿ ಕಂಡಿಲ್ಲ. ಆ ಸಂಜೆಯಿಂದ ಮರುದಿನ ಕ್ರಿಯಾಸಮಾಧಿಯವರೆಗೆ ಲಕ್ಷಾಂತರ ಜನರು ದರ್ಶನಕ್ಕೆ ಬಂದರು. ಅಳುತ್ತ ಬಂದವರಿಗೂ ಪ್ರಸಾದವುಂಟಾಗಿತ್ತು. ಬಡಿಸುವವರೂ ಅಳುತ್ತಲೇ ಬಡಿಸಿದರು.

ಬಂದವರನ್ನು ಮರೆತು ಮಾಡುವ ಸಂಭ್ರಮದ ಫಲವೇನೆಂಬುದನ್ನೂ ನಾವು ಕಂಡಿರುವೆವು. ೨೦೨೫ನೆಯ ಜೂನ್ ೪ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಕ್ರಿಕೆಟ್ಟಿನ ವಿಜಯೋತ್ಸವಕ್ಕೆ ಬಂದವರಲ್ಲಿ ಹನ್ನೊಂದು ಮಂದಿ ನೂಕುನುಗ್ಗಲಿಗೆ ಸಿಲುಕಿ ಅಸುನೀಗಿದರು. ಅದು ಜಾತ್ರೆಯಲ್ಲ, ಮಠವಲ್ಲವೆಂದು ನಾವು ನಿಶ್ಚಿಂತರಾಗಿರಕೂಡದು. ಜನರನ್ನು ಕರೆಯುವುದು ಸುಲಭ, ಒಂದು ಬಾಗಿಲಿನಲ್ಲಿ ಬಂದವರನ್ನು ಇನ್ನೊಂದು ಬಾಗಿಲಿನಲ್ಲಿ ಸುಖವಾಗಿ ಕಳುಹುವುದು ಕಷ್ಟ. ನಮ್ಮ ತೇರಿನ ಬೀದಿಗಳನ್ನು ಹಿರಿಯರು ಅಗಲವಾಗಿ ಬಿಟ್ಟುದು ತೇರಿನ ಗಾಲಿಗೆ ಮಾತ್ರವಲ್ಲ. ಇಂದು ಆ ಬೀದಿಗಳ ಎರಡೂ ಬದಿಗಳಲ್ಲಿ ಅಂಗಡಿಗಳ ಸಾಲು ಮುಂದೆ ಮುಂದೆ ಬಂದು, ಮಿಣಿಯನ್ನು ಬಿಟ್ಟು ಹಿಂದೆ ಸರಿಯಬೇಕಾದವನಿಗೆ ಕಾಲಿಡಲು ಎಡೆಯಿಲ್ಲದಂತಾಗಿರುವುದನ್ನು ಎಷ್ಟೋ ಊರುಗಳಲ್ಲಿ ಕಂಡಿದ್ದೇನೆ.

ಈ ಕಾರಣದಿಂದ ನಮ್ಮ ಶ್ರೀಮಠದ ಮಹೋತ್ಸವಕ್ಕಾಗಿ ಕೂಡಿದ ಸಮಿತಿಯ ಮೊದಲ ಬೈಠಕ್ಕಿನಲ್ಲಿ, ಯಾರಾರನ್ನು ವೇದಿಕೆಯ ಮೇಲೆ ಕೂರಿಸಬೇಕೆಂಬ ಚರ್ಚೆಯು ಒಂದೂವರೆ ಗಂಟೆ ನಡೆದ ಬಳಿಕ, ನಾನು ಆ ವೃದ್ಧೆಯ ಎರಡು ತೆಂಗಿನಕಾಯಿಗಳ ಕಥೆಯನ್ನು ಹೇಳಿದೆನು. ಕೆಲವರಿಗೆ ಹಿಡಿಸಲಿಲ್ಲ. ಪ್ರಸಾದವು ಮೊದಲೇ ಆದರೆ ಸಭೆಗೆ ಜನ ನಿಲ್ಲುವರೇ ಎಂದು ಒಬ್ಬ ಹಿರಿಯ ಭಕ್ತರು ಕೇಳಿದರು. ಉಂಡವನು ನಿಂತು ಕೇಳಿದರೆ ಅದು ನಮ್ಮ ಮಾತಿನ ಗುಣ, ಹಸಿದವನು ನಿಂತು ಕೇಳಿದರೆ ಅದು ಅವನ ಸಂಕಟ ಎಂದು ಬಿನ್ನವಿಸಿದೆನು. ಶ್ರೀಗಳವರು ಬಹಳ ಹೊತ್ತು ಮೌನವಾಗಿದ್ದು, ಅನಂತರ ಪಂಕ್ತಿಯು ಬೆಳಿಗ್ಗೆ ಒಂಬತ್ತಕ್ಕೆ ತೆರೆಯಲಿ, ಕೊನೆಯವನು ಉಣ್ಣುವವರೆಗೆ ಮುಚ್ಚದಿರಲಿ, ಒಳಕೋಣೆಯ ಊಟವು ಯಾರಿಗೂ ಬೇಡ, ತಾವೂ ಆ ಪಂಕ್ತಿಯ ಕೊನೆಯ ಸಾಲಿನಲ್ಲಿಯೇ ಕೂರುವೆವು ಎಂದು ಅಪ್ಪಣೆ ಕೊಡಿಸಿದರು. ಭಾಷಣಗಳು ಹದಿನಾಲ್ಕಿದ್ದುವು ಐದಾದುವು. ಬಿಟ್ಟುಹೋದ ಒಂಬತ್ತರಲ್ಲಿ ನನ್ನದೂ ಒಂದು. ನನಗೆ ನನ್ನ ಹಳೆಯ ನೀರಿನ ಕೊಡವನ್ನೇ ಕೊಡಬೇಕೆಂದು ಕೇಳಿಕೊಂಡಿರುವೆನು.

ಮೊನ್ನೆ ಅಡಿಗೆಮನೆಯ ಹೊಸ ಗೋಡೆಗೆ ಸುಣ್ಣ ಬಳಿದಾದ ಮೇಲೆ ಒಬ್ಬ ಹುಡುಗನು ಏಣಿ ಹತ್ತಿ ನಿಂತು, ತುರುವೇಕೆರೆ, ನೊಣವಿನಕೆರೆ, ಹೊನ್ನವಳ್ಳಿ, ಹುಳಿಯಾರು, ಶೆಟ್ಟಿಕೆರೆಗಳ ಕಡೆಗೆ ಹೊರಡುವ ಕೊನೆಯ ಬಸ್ಸುಗಳ ವೇಳೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಿದ್ದನು. ಬಡಿಸುವವರೆಲ್ಲರಿಗೂ ಕಾಣುವಂತೆ ಅದನ್ನು ಕೊಪ್ಪರಿಗೆಗಳ ಎದುರಿಗೇ ಬರೆಸಲಾಗಿದೆ. ಆ ವೃದ್ಧೆಯು ಹತ್ತಬೇಕಾಗಿದ್ದ ಬಸ್ಸನ್ನು ಪಟ್ಟಿಯ ಮೊದಲನೆಯ ಸಾಲಿಗೆ ಹಾಕೆಂದು ನಾನು ಅವನಿಗೆ ಹೇಳಿದೆನು; ಕಾರಣವನ್ನು ಅವನು ಕೇಳಲಿಲ್ಲ.